ಪಟ್ಟಿ ನನ್ನದು, ಓದಿದವರು ಬೇರೆ

ಜುಲೈ ಇಡೀ ನಮ್ಮ ಕರಾವಳಿಯವರು ಬರೆದದ್ದನ್ನೇ ಓದುವುದು ಅಂತ ಜೂನ್ ಮುಗಿಯುವ ಮೊದಲೇ ತೀರ್ಮಾನ ಮಾಡಿದ್ದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಟ್ಟಾಗಿದೆ, ರಾತ್ರಿ ಆಟಕ್ಕೆ ಹೋಗುವ ಚಪಲ ಇಲ್ಲ. ತಿಂಗಳ ಮಧ್ಯಕ್ಕೆ ಶುಭಕಾರ್ಯ ಇಲ್ಲದ ತುಳು ತಿಂಗಳು ಆಟಿ ಬರುತ್ತದೆ, ಮದುವೆ, ಮನೆ ಒಕ್ಕಲು ಯಾವುದರ ಕರೆಯೂ ಇಲ್ಲ. ಹೊರಗಿನ ಮಳೆಗೆ ಕೊಡೆ ಇದ್ದವರೂ ಇಲ್ಲದವರೂ ಒಂದೇ ಸಮ ಒದ್ದೆ. ಇಂಥ ತಿಂಗಳಲ್ಲಿ ಓದದೆ ಇನ್ಯಾವಾಗ ಓದುವುದು?

ಮಗನ ನೋಟ್ ಪುಸ್ತಕದಿಂದ ಒಂದು ಹಾಳೆ ಕಿತ್ತು ಪಟ್ಟಿ ಬರೆದೆ. ಮುದ್ದಣನ ರಾಮಾಶ್ವಮೇಧ, ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ, ಕಾರಂತರ ಮರಳಿ ಮಣ್ಣಿಗೆ ಮತ್ತು ಮೂಕಜ್ಜಿಯ ಕನಸುಗಳು, ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ, ವೈದೇಹಿಯವರ ಕ್ರೌಂಚ ಪಕ್ಷಿಗಳು. ಬಸ್ಸಿನಲ್ಲಿ ಇಷ್ಟು ಪುಟ, ಮಲಗುವ ಮೊದಲು ಇಷ್ಟು ಪುಟ ಅಂತ ಮಾರ್ಜಿನಿನಲ್ಲಿ ಲೆಕ್ಕವನ್ನೂ ಹಾಕಿದೆ. ಆಮೇಲೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದ ಸಾರ್ವಜನಿಕ ಆಸ್ತಿ. ಎರಡು ದಿನದೊಳಗೆ ಕ್ರೌಂಚ ಪಕ್ಷಿಗಳ ಕೆಳಗೆ ಅತ್ತೆಯವರ ಅಕ್ಷರದಲ್ಲಿ ಕುಚ್ಚಲಕ್ಕಿ, ಬೆಲ್ಲ, ಸಾಸಿವೆ, ಹುಣಸೆಹುಳಿ ಬಂದು ಕುಳಿತವು. ಯಜಮಾನರು ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ದಿನಸಿ ಅಂಗಡಿಗೆ ಕಳಿಸಿದರು. ಅಂಗಡಿಯ ಹುಡುಗ ಫೋನ್ ಮಾಡಿದ್ದು ಮಾತ್ರ ನನಗೆ, ಅದೂ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುವಾಗ.

"ಅಕ್ಕ, ಅಕ್ಕಿ, ಬೆಲ್ಲ ಎಲ್ಲ ಕಟ್ಟಿ ಆಯ್ತು. ಈ ಮೂಕಜ್ಜಿ ಉಪ್ಪಿನಕಾಯಿಯಾ? ನಮ್ಮಲ್ಲಿ ಆ ಕಂಪೆನಿದ್ದು ಬರುವುದಿಲ್ಲ."

"ಅದು ಪುಸ್ತಕ ಮಾರಾಯ."

"ಚಂದ್ರಗಿರಿ ಅಗರಬತ್ತಿ ಅಲ್ವಾ?"

"ಅದೂ ಪುಸ್ತಕ."

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹಾಗಾದ್ರೆ ಮರಳಿ ಮಣ್ಣಿಗೆ? ಅದು ಗೊಬ್ಬರ ಅಂತ ಪಕ್ಕದ ಅಂಗಡಿಯಿಂದ ಒಂದು ಚೀಲ ಕಳಿಸಿ ಆಯ್ತಲ್ಲ ಅಕ್ಕ."

ಸಂಜೆ ಮನೆಗೆ ಬಂದಾಗ ಜಗಲಿಯಲ್ಲಿ ಎರೆಹುಳು ಗೊಬ್ಬರದ ಚೀಲ ಇತ್ತು. ವಾಪಸ್ ಕಳಿಸಲು ಅತ್ತೆ ಬಿಡಲಿಲ್ಲ. ಮಲ್ಲಿಗೆ ಗಿಡಕ್ಕೆ ಬೇಕೇ ಬೇಕಿತ್ತಂತೆ, ಹೇಳುವುದು ಹೇಗೆ ಅಂತ ಯೋಚಿಸುತ್ತಿದ್ದರಂತೆ. ನನ್ನ ಪಟ್ಟಿಯಲ್ಲಿ ಮೊದಲು ಖರ್ಚಾಗಿ ಮುಗಿದದ್ದು ಅದೇ.

ಬಸ್ಸಿನ ಓದು ಮುದ್ದಣನಿಂದ ಶುರುವಾಯಿತು. ಉಡುಪಿಯಿಂದ ಮಂಗಳೂರಿಗೆ ಹೆಚ್ಚುಕಡಿಮೆ ಅರುವತ್ತು ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ ಪುಕ್ಕಟೆ ಸಿಗುತ್ತದೆ ಅಂತ ನನ್ನ ಎಣಿಕೆ. ಮುದ್ದಣ ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. 1870ರಲ್ಲಿ ಹುಟ್ಟಿ 1901ರಲ್ಲೇ ತೀರಿಕೊಂಡರು. ಬರೆದದ್ದು ತಾನು ಅಂತ ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದ ಪುಣ್ಯಾತ್ಮ. ಈಗಿನವರು ನಾಲ್ಕು ಸಾಲು ಬರೆದರೆ ಎಂಟು ಜನರನ್ನು ಟ್ಯಾಗ್ ಮಾಡುತ್ತಾರೆ.

ಆದರೆ ಡ್ರಿಲ್ ಮಾಸ್ತರರ ಗದ್ಯ ಓದುವವರಿಗೂ ಡ್ರಿಲ್ ಮಾಡಿಸುತ್ತದೆ. ಕಾಪುವಿನಲ್ಲಿ ಹಿಡಿದ ವಾಕ್ಯ ಉಚ್ಚಿಲ ದಾಟಿದರೂ ನನ್ನ ಕೈಯಲ್ಲೇ ಇತ್ತು. ಎಲ್ಲಿ ಬಿಡಿಸಿ ಓದಬೇಕು ಅಂತ ತಿಳಿಯುವ ಮೊದಲೇ ಡ್ರೈವರ್ ಬ್ರೇಕ್ ಹಾಕಿ ಅವನೇ ಪದ ಬಿಡಿಸಿಕೊಟ್ಟ. ತಲೆಯ ಮೇಲೆ ಸ್ಪೀಕರ್, ಅದರಲ್ಲಿ ಸಿನಿಮಾ ಹಾಡು. ಹಿಂದಿನಿಂದ ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅಂತ ಎಲ್ಲರನ್ನೂ ಮುಂದೆ ಕಳಿಸುತ್ತಿದ್ದ. ನಾನೊಬ್ಬಳು ಮಾತ್ರ ಅದೇ ಪುಟದಲ್ಲಿದ್ದೆ.

ರಾಮಾಶ್ವಮೇಧದಲ್ಲಿ ಮುದ್ದಣ ಮತ್ತು ಹೆಂಡತಿ ಮನೋರಮೆಯ ಸಲ್ಲಾಪ ಶುರುವಾಗುವುದೇ ಮಳೆಗಾಲದಲ್ಲಿ. ಬೇಸರ ಕಳೆಯಲು ಒಂದು ಕತೆ ಹೇಳಿ ಅಂತ ಮನೋರಮೆ ಗಂಡನನ್ನು ಕೇಳುತ್ತಾಳೆ, ಅವನು ಹೇಳುತ್ತಾ ಹೋದಂತೆ ನಡುವೆ ಬಾಯಿ ಹಾಕುತ್ತಾಳೆ. ಇದು ನಮ್ಮಲ್ಲೂ ಆಗುತ್ತದಲ್ಲ ಅಂತ ಒಂದು ರಾತ್ರಿ ಕರೆಂಟ್ ಹೋದಾಗ ಯಜಮಾನರನ್ನು ಕೇಳಿಯೇಬಿಟ್ಟೆ, "ಒಂದು ಕತೆ ಹೇಳಿ." ಅವರು ಇನ್ವರ್ಟರ್ ಬ್ಯಾಟರಿಗೆ ನೀರು ಹಾಕದೆ ಬಿಟ್ಟವರ ಕತೆ ಹೇಳಿದರು. ಅದರಲ್ಲಿ ವಿಲನ್ ನಾನೇ.

ಚಂದ್ರಗಿರಿಯ ತೀರದಲ್ಲಿ ಪುಸ್ತಕವನ್ನು ಬ್ಯಾಗಿಗೆ ಹಾಕಿದ ದಿನದಿಂದ ಬಸ್ಸಿನ ಓದು ನನ್ನದಾಗಿ ಉಳಿಯಲಿಲ್ಲ. ಕಟಪಾಡಿಯಲ್ಲಿ ಹತ್ತಿದ ಒಬ್ಬರು ಹೆಂಗಸು ನನ್ನ ಪಕ್ಕ ಕುಳಿತರು. ಒದ್ದೆ ಕೊಡೆಯನ್ನು ಇಬ್ಬರ ಕಾಲಿನ ನಡುವೆ ಇಟ್ಟು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ನಾನು ಪುಟ ಮಗುಚಲು ಬೆರಳಿಟ್ಟೆ. ಅವರ ಬೆರಳು ಬಂದು ಪುಟದ ತುದಿ ಒತ್ತಿ ಹಿಡಿಯಿತು.

"ಸ್ವಲ್ಪ ನಿಲ್ಲಿ ಮಾರಾಯ್ರೆ, ನನ್ನದು ಒಂದು ಪ್ಯಾರಾ ಬಾಕಿ ಉಂಟು."

ಸುರತ್ಕಲ್ಲಿನಲ್ಲಿ ಇಳಿಯುವಾಗ ಪುಟದ ನಂಬರ್ ನೋಡಿಕೊಂಡು ಹೋದರು. ಮರುದಿನ ಕಟಪಾಡಿಯಲ್ಲಿ ಬಸ್ ಹತ್ತಿದವರೇ ನನ್ನನ್ನು ಹುಡುಕಿಕೊಂಡು ಬಂದರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು "ಮಗಾ, ನೀನು ಹಿಂದೆ ಕೂರ್ತೀಯಾ?" ಅಂತ ಎಬ್ಬಿಸಿದರು. ರಾತ್ರಿ ನಾನು ಮನೆಯಲ್ಲಿ ಮುಂದೆ ಓದಿದ್ದೇನೆ ಅಂತ ಗೊತ್ತಾದಾಗ ಅವರ ಮುಖ ಸಣ್ಣಗಾಯಿತು. "ಓದಿದ್ರೆ ಓದಿದ್ರಿ, ಹೇಳ್ಬೇಡಿ. ನಿನ್ನೆಯ ಪುಟ ತೆಗೀರಿ." ಹೀಗೆ ಓದಿದ್ದನ್ನೇ ಮತ್ತೆ ಅವರ ವೇಗದಲ್ಲಿ ಓದಿದೆ. ನಿಜ ಹೇಳಬೇಕೆಂದರೆ ಎರಡನೇ ಸಲವೇ ಚೆನ್ನಾಗಿ ಓದಿದ್ದು. ಅವರು ಗಂಡನಿಂದ ಮಗಳನ್ನು ಬೇರೆ ಮಾಡುವ ಆ ಅಪ್ಪನಿಗೆ ಮೆಲ್ಲಗೆ ತುಳುವಿನಲ್ಲಿ ಬೈಯುತ್ತಿದ್ದರು, ನಾದಿರಾ ಬಂದಾಗಲೆಲ್ಲ "ಪಾಪ" ಅನ್ನುತ್ತಿದ್ದರು. 1984ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ. ಅವರಿಗೆ ಮಾತ್ರ ಅದು ಪಕ್ಕದ ಬೀದಿಯಲ್ಲಿ ಆ ವಾರ ನಡೆಯುತ್ತಿರುವ ವಿಷಯ.

ಕೊನೆಯ ಪುಟಗಳು ಬಂದಾಗ ಬಸ್ ಹೆಜಮಾಡಿಯ ಟೋಲ್ ಗೇಟಿನ ಸಾಲಿನಲ್ಲಿತ್ತು. ಮುಗಿಸಿ ಕಣ್ಣು ಒರೆಸಿಕೊಂಡವರು ನನ್ನನ್ನೇ ಗದರಿದರು. "ಬೆಳಿಗ್ಗೆ ಬೆಳಿಗ್ಗೆ ಇಂಥದ್ದು ತರುವುದಾ? ನಾಳೆ ಸ್ವಲ್ಪ ನಗುವಂಥದ್ದು ತನ್ನಿ."

ಕ್ರೌಂಚ ಪಕ್ಷಿಗಳನ್ನು ಒಯ್ದೆ. ಕತೆಗಳ ಅಳತೆ ಕಟಪಾಡಿ–ಸುರತ್ಕಲ್ ದಾರಿಗೆ ಸರಿಯಾಗಿ ಹೊಂದಿತು. ಈ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಅಂತ ಹೇಳಿದೆ. "ಬರಬೇಕಾದ್ದೇ" ಅಂದು ಅವರು ಪುಸ್ತಕವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಇನ್ನೂ ಅಲ್ಲೇ ಇದೆ.

ಇಂದಿರಾಬಾಯಿಯ ಕತೆ ಬೇರೆ. ಜುಲೈಯಲ್ಲಿ ನಮ್ಮಲ್ಲಿ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ನನ್ನ ಪಾಲಿನದ್ದು ಮಂಗಳೂರಿನ ಲಾಲ್‌ಬಾಗಿನ ಹತ್ತಿರ ನಿಂತವರೊಬ್ಬರ ಕೊಡೆಯಿಂದ ಇಳಿದು ನೇರ ನನ್ನ ಬ್ಯಾಗಿಗೆ ಹೋಯಿತು. ಮನೆಗೆ ತಂದು ನೋಡಿದರೆ ಪುಸ್ತಕ ಮಜ್ಜಿಗೆಯಲ್ಲಿ ನೆನೆಸಿದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಒಣಗಿದ ಬಟ್ಟೆಗೇ ಬೂಸ್ಟು ಬರುತ್ತದೆ, ಇನ್ನು ಒದ್ದೆ ಪುಸ್ತಕ! ಹಗ್ಗದಲ್ಲಿ ಜಾಗ ಇಲ್ಲ, ಮಗನ ಯೂನಿಫಾರ್ಮ್ ಮೂರು ದಿನದಿಂದ ಅಲ್ಲೇ ನೇತಾಡುತ್ತಿದೆ.

ಒದ್ದೆ ಪುಸ್ತಕವನ್ನು ಫ್ರೀಜರಿನಲ್ಲಿಡಬೇಕು ಅಂತ ಯಜಮಾನರು ಫೋನಿನಲ್ಲಿ ಓದಿ ಹೇಳಿದರು. ನಗಬೇಡಿ, ಅದು ನಿಜವೇ. ನೆರೆಗೆ ಸಿಕ್ಕಿದ ಪುಸ್ತಕಗಳನ್ನು ದೊಡ್ಡ ಲೈಬ್ರರಿಗಳು ಹಾಗೆಯೇ ಕಾಪಾಡುತ್ತವೆ. ಆ ಚಳಿಯಲ್ಲಿ ಬೂಸ್ಟು ಬೆಳೆಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟೆವು. ಎಡಗಡೆ ಬಟಾಣಿ. ಬಲಗಡೆ ಐಸ್‌ಕ್ರೀಮ್ ಡಬ್ಬಿ, ಅದರೊಳಗೆ ಎಂದಿನಂತೆ ತೆಂಗಿನ ತುರಿ. 1899ರಲ್ಲಿ ಒಬ್ಬ ಎಳೆಯ ವಿಧವೆಗೆ ಓದು ಕಲಿಸಿ ಮತ್ತೆ ಮದುವೆ ಮಾಡಿಸಿದ ಕಾದಂಬರಿ ಅದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೆಸರು ಪಡೆದದ್ದು. ಅಷ್ಟು ಕಷ್ಟಪಟ್ಟು ಹೊರಗೆ ಬಂದವಳನ್ನು ನಾವು ಬಟಾಣಿ ಪಕ್ಕ ಕೂರಿಸಿದೆವು.

ಅತ್ತೆಗೆ ಹೇಳಿರಲಿಲ್ಲ. ಮರುದಿನ ತೆಂಗಿನ ತುರಿ ತೆಗೆಯಲು ಹೋದವರು ಕೂಗಿಕೊಂಡರು, "ಇದೆಂಥದು, ಫ್ರೀಜರಿನಲ್ಲಿ ಯಾರೋ ಹೆಂಗಸು!" ಮುಖಪುಟದ ಚಿತ್ರ ಪ್ಲಾಸ್ಟಿಕ್ಕಿನ ಒಳಗಿಂದ ಅವರನ್ನೇ ನೋಡುತ್ತಿತ್ತಂತೆ.

ಹೊರಗೆ ತೆಗೆದು ಒಣಗಿಸಿದ ಮೇಲೆ ಪುಟಗಳು ಸುಕ್ಕುಗಟ್ಟಿದ್ದವು. ಮೇಲೆ ಭಾರ ಇಡಬೇಕು. ಮನೆಯಲ್ಲಿ ಅಷ್ಟು ಭಾರದ್ದು ಎರಡೇ, ಗ್ರೈಂಡರಿನ ಕಲ್ಲು ಮತ್ತು ಮಾವನವರ ಕಿಟ್ಟೆಲ್ ನಿಘಂಟು. ಕಲ್ಲು ದೋಸೆಗೆ ಬೇಕಿತ್ತು. ಹಾಗಾಗಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳನ್ನು ಎತ್ತಿ ಇಂದಿರಾಬಾಯಿಯ ಮೇಲೆ ಇಟ್ಟೆವು. ಕಿಟ್ಟೆಲ್ ಕೋಶ ಬಂದದ್ದು 1894ರಲ್ಲಿ, ಇಂದಿರಾಬಾಯಿ ಅದರ ಐದು ವರ್ಷ ನಂತರ. ಎರಡೂ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಹುಟ್ಟಿದವು. ಅಣ್ಣ ತಂಗಿಯ ಮೇಲೆ ಕುಳಿತ ಹಾಗಾಯಿತು. ನಿಘಂಟು ಕೆಳಗಿಳಿಯುವವರೆಗೆ ಮುದ್ದಣನ ಶಬ್ದಗಳಿಗೆ ಅರ್ಥ ನೋಡುವ ಹಾಗಿಲ್ಲ, ಆದ್ದರಿಂದ ಅವನ ಓದೂ ನಿಂತಿತು.

ಇಷ್ಟರಲ್ಲಿ ಮರಳಿ ಮಣ್ಣಿಗೆ ಎಲ್ಲಿದೆ ಅಂತ ಹುಡುಕಿದರೆ ಅತ್ತೆಯ ದಿಂಬಿನ ಕೆಳಗೆ. ಅವರ ತವರು ಕೋಟದ ಕಡೆ. ಕಾರಂತರ ಊರೂ ಅದೇ, ಕಾದಂಬರಿ ನಡೆಯುವುದೂ ಅಲ್ಲೇ. ಹಾಗಾಗಿ ಅದು ಕಾದಂಬರಿ ಅಂತ ಅವರು ಒಪ್ಪಲಿಲ್ಲ, ಅವರ ಪ್ರಕಾರ ಅದು ನೆಂಟರ ಸುದ್ದಿ. ರಾಮ ಐತಾಳರು ಅವರಿಗೆ ದೂರದ ಸಂಬಂಧಿಯ ಹಾಗೆ, ಸರಸೋತಿ ಹತ್ತಿರದವಳು. ಮಧ್ಯಾಹ್ನ ಮಲಗುವುದನ್ನೂ ಬಿಟ್ಟು, ಭೂತಕನ್ನಡಿ ಹಿಡಿದು ಮೂರು ತಲೆಮಾರನ್ನು ಒಂದು ವಾರದಲ್ಲಿ ಮುಗಿಸಿದರು.

ನಾನು ಮೊದಲ ಅಧ್ಯಾಯಗಳಲ್ಲೇ ಇದ್ದೆ. ಊಟಕ್ಕೆ ಬಡಿಸುತ್ತಾ ಹೇಳಿದರು, "ಲಚ್ಚ ಹಾಳಾಗ್ತಾನೆ. ನೀನು ಅವನ ಮೇಲೆ ಆಸೆ ಇಟ್ಟುಕೊಳ್ಬೇಡ."

"ಅತ್ತೆ, ನಾನಿನ್ನೂ ಅಲ್ಲಿಗೆ ಬಂದಿಲ್ಲ!"

"ಬಂದ್ರೂ ಹಾಳಾಗ್ತಾನೆ. ಮೊಮ್ಮಗ ಊರಿಗೆ ವಾಪಸ್ ಬರ್ತಾನೆ. ಹೆಸರಲ್ಲೇ ಉಂಟಲ್ಲ, ಮರಳಿ ಮಣ್ಣಿಗೆ ಅಂತ. ಮತ್ತೆ ಎಂತ ಗುಟ್ಟು?"

ಇಷ್ಟಾದರೆ ಸಹಿಸಬಹುದಿತ್ತು. ಅಂದಿನಿಂದ ಮನೆಯಲ್ಲಿ ನಾಗವೇಣಿಯ ಹೆಸರು ಕೇಳತೊಡಗಿತು. ಲಚ್ಚನ ಹೆಂಡತಿ, ಪುಸ್ತಕದ ತುಂಬ ಕಷ್ಟಪಟ್ಟವಳು. ಮಿಕ್ಸಿ ಕೆಟ್ಟಿತು ಅಂದರೆ, "ನಾಗವೇಣಿಗೆ ಮಿಕ್ಸಿ ಇತ್ತಾ?" ನಾಳೆ ಹೋಟೆಲಿನಿಂದ ತರಿಸೋಣ ಅಂದರೆ, "ನಾಗವೇಣಿ ತರಿಸಿದ್ಲಾ?" ಕಾರಂತರು ಇದನ್ನೆಲ್ಲ ಯೋಚಿಸಿ ಬರೆದಿರಲಿಕ್ಕಿಲ್ಲ. ನಾನೂ ಸುಮ್ಮನಿರಲಿಲ್ಲ. "ನಾಗವೇಣಿ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರ್ತಿದ್ಲಾ ಅತ್ತೆ?" ಅಂದೆ. ಆ ದಿನ ನನ್ನ ತಟ್ಟೆಗೆ ಎರಡು ಪತ್ರೊಡೆ ಜಾಸ್ತಿ ಬಿತ್ತು. ಅದು ಗೆಲುವೋ ಸಂಧಾನವೋ ಗೊತ್ತಿಲ್ಲ.

ತಿಂಗಳಿಗೆ ಇಷ್ಟು ಓದಿದೆ ಅಂತ ಪುಸ್ತಕಗಳ ರಾಶಿಯ ಪಕ್ಕ ಕಾಫಿ ಲೋಟ ಇಟ್ಟು ಫೋಟೋ ಹಾಕುವವರನ್ನು ನೋಡುತ್ತೇನೆ. ಆ ಲೋಟ ತೊಳೆಯುವವರು ಯಾರು ಅಂತ ಒಮ್ಮೆ ಕೇಳಬೇಕು ಅನ್ನಿಸುತ್ತದೆ.

ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಮೂಕಜ್ಜಿಯನ್ನು ಮಾತ್ರ ಅತ್ತೆ ಮುಟ್ಟಲಿಲ್ಲ. "ಅಜ್ಜಿಯ ಕತೆ ಅಜ್ಜಿಗೆ ಯಾಕೆ?" ಅಂದುಬಿಟ್ಟರು. ಸದ್ಯ, ಒಂದಾದರೂ ನನಗೆ ಅಂತ ಉಳಿಯಿತು ಅಂದುಕೊಂಡೆ. ತಿಂಗಳ ಕೊನೆಯ ವಾರ ರೆಡ್ ಅಲರ್ಟ್ ಬಂತು. ಬೆಳಿಗ್ಗೆ ಎದ್ದವನೇ ಮಗ ಡಿಸಿ ರಜೆ ಕೊಟ್ಟಿದ್ದಾರಾ ನೋಡಿ, ಹೌದು ಅಂತ ಗೊತ್ತಾದ ಮೇಲೆ ಹಲ್ಲುಜ್ಜಿದ. ನಾನೂ ರಜೆ ಹಾಕಿ ಪುಸ್ತಕ ಹಿಡಿದು ಜಗಲಿಯಲ್ಲಿ ಕುಳಿತೆ. ಏನು ಓದುತ್ತಿದ್ದೀ ಅಂತ ಕೇಳಿದ. ಒಬ್ಬಳು ಅಜ್ಜಿ, ಯಾವುದೇ ವಸ್ತು ಕೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಿನ ಕಾಲವೆಲ್ಲ ಅವಳಿಗೆ ಕಾಣುತ್ತದೆ ಅಂದೆ. ಇದನ್ನು ಹೇಳಬಾರದಿತ್ತು.

ಒಳಗೆ ಓಡಿದವನು ಟೀವಿ ರಿಮೋಟ್ ತಂದು ಅತ್ತೆಯ ಕೈಗೆ ಕೊಟ್ಟ. "ಅಜ್ಜಿ, ಕಣ್ಣು ಮುಚ್ಚಿ ಹೇಳಿ."

ಅತ್ತೆ ಸ್ವಲ್ಪವೂ ತಡ ಮಾಡಲಿಲ್ಲ. "ನಿನ್ನೆ ಏಳೂವರೆಗೆ ನನ್ನ ಸೀರಿಯಲ್ ತೆಗೆದು ನಿನ್ನ ಅಪ್ಪ ಕ್ರಿಕೆಟ್ ಹಾಕಿದ್ದಾನೆ."

ಮಗನಿಗೆ ರೋಮಾಂಚನ. ಮುಂದೆ ಹಪ್ಪಳದ ಡಬ್ಬಿ ಬಂತು. "ಇದಕ್ಕೆ ರಾತ್ರಿ ಹನ್ನೊಂದು ಗಂಟೆಗೆ ಒಬ್ಬರು ಕೈ ಹಾಕಿದ್ದಾರೆ. ಗಂಡಸಿನ ಕೈ." ಯಜಮಾನರು ಪೇಪರಿನ ಹಿಂದೆ ಇನ್ನಷ್ಟು ಕೆಳಗೆ ಜಾರಿದರು. ಆಮೇಲೆ ಚಾರ್ಜರ್, ಆಮೇಲೆ ಒಡೆದ ಉಪ್ಪಿನಕಾಯಿ ಭರಣಿಯ ಮುಚ್ಚಳ. ಒಂದಕ್ಕೂ ಉತ್ತರ ತಪ್ಪಲಿಲ್ಲ.

ನಾನು ಪುಸ್ತಕದಲ್ಲಿ ಬೆರಳಿಟ್ಟು ನಗುತ್ತಿದ್ದೆ. ಅಷ್ಟರಲ್ಲಿ ಅವನು ನನ್ನ ಪರ್ಸ್ ಹಿಡಿದುಕೊಂಡು ಅತ್ತೆಯ ಕಡೆಗೆ ಹೊರಟ. ಇನ್ನೂ ಹನ್ನೊಂದೂವರೆ. ಆದರೂ ಎದ್ದು ಎಲ್ಲರನ್ನೂ ಊಟಕ್ಕೆ ಕರೆದೆ.