ಎಲ್ಲದಕ್ಕೂ ಸೂಪರ್‌ನೋವಾನೇ ಬೇಕಾ?

ಈಗಷ್ಟೇ ಒಂದು ರೀಲ್ ನೋಡಿದೆ. ಹಿಂದೆ ಡ್ರಮ್ಮಿನ ಅಬ್ಬರ, ಮುಂದೆ ನಕ್ಷತ್ರ ಢಮಾರ್! "ನಿಮ್ಮ ಮೈಯ ಒಂದೊಂದು ಕಣವೂ ಸೂಪರ್‌ನೋವಾದಲ್ಲಿ ಹುಟ್ಟಿದ್ದು" ಅಂತ ಗಡಸು ದನಿ. ಸೂಪರ್‌ನೋವಾ ಅಂದರೆ ನಕ್ಷತ್ರ ಸಿಡಿಯುವ ಸ್ಫೋಟ. ಆಕಾಶದ ಮಾತು ಬಂದರೆ ನಾನು ಸುಮ್ನಿರುವ ಜಾತಿಯಲ್ಲ, ನಿಮಗೆ ಗೊತ್ತಲ್ವಾ.

ಒಂದೊಂದು ಕಣವಂತೆ! ಎಣಿಸಿದರೆ ನಮ್ಮ ಮೈಯಲ್ಲಿ ಜಾಸ್ತಿ ಇರುವುದೇ ಹೈಡ್ರೋಜನ್. ಅದು ಮಹಾಸ್ಫೋಟದ ಕಾಲದ್ದು, ನಕ್ಷತ್ರಗಳು ಹುಟ್ಟುವುದಕ್ಕೂ ಮೊದಲಿನದು.

ಇನ್ನು ಕಾರ್ಬನ್. ಮುಪ್ಪಿನಲ್ಲಿ ಉಬ್ಬಿಕೊಂಡ ಕೆಂಪು ದೈತ್ಯ ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ಸೇರಿದರೆ ಒಂದು ಕಾರ್ಬನ್. ಆದರೆ ಎರಡು ಸೇರಿ ಆಗುವ ಬೆರಿಲಿಯಂ-8 ಹುಟ್ಟಿದ ಕೂಡಲೇ ಒಡೆಯುತ್ತದೆ. ಅಷ್ಟರೊಳಗೆ ಮೂರನೆಯದು ಬಂದು ಗುದ್ದಬೇಕು. ಇದು ಸಾಕಷ್ಟು ನಡೆಯಬೇಕಾದರೆ ಕಾರ್ಬನ್ನಿನ ಪರಮಾಣು ಬೀಜಕ್ಕೆ ಈ ಕೂಡುವಿಕೆಗೆ ಸರಿಹೊಂದುವ ಒಂದು ಶಕ್ತಿಮಟ್ಟ ಇರಲೇಬೇಕು ಅಂತ 1953ರಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಹಠ ಹಿಡಿದರು. ಪ್ರಯೋಗ ಮಾಡಿ ಹುಡುಕಿದರೆ, ಇತ್ತು! ಇದರಲ್ಲಿ ಢಮಾರ್ ಎಲ್ಲಿ ಬಂತು?

ನನಗೆ ಇನ್ನೂ ಇಷ್ಟವಾದದ್ದು ಟೆಕ್ನೀಷಿಯಂ. 1952ರಲ್ಲಿ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಈ ಧಾತುವಿನ ಗುರುತಿನ ಗೆರೆಗಳನ್ನು ಕಂಡರು. ಈ ಧಾತು ಬಾಳುವುದೇ ಇಲ್ಲ. ಅದರ ತೀರಾ ಗಟ್ಟಿ ರೂಪ (ಐಸೊಟೋಪ್) ಕೂಡ ಸುಮಾರು 42 ಲಕ್ಷ ವರ್ಷದಲ್ಲಿ ಅರ್ಧ ಕರಗಿಹೋಗುತ್ತದೆ. ನಕ್ಷತ್ರಕ್ಕೋ ಕೋಟಿಗಟ್ಟಲೆ ವಯಸ್ಸು. ಅಂದರೆ ಹುಟ್ಟುವಾಗ ತಂದದ್ದಲ್ಲ, ಒಳಗೇ ಇತ್ತೀಚೆಗೆ ತಯಾರಾದದ್ದು. ಇಂಥ ಮುದಿ ನಕ್ಷತ್ರಗಳಲ್ಲಿ ಪರಮಾಣುಗಳು ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ನುಂಗಿ ನಿಧಾನಕ್ಕೆ ಭಾರವಾಗುತ್ತವೆ. ಕಬ್ಬಿಣಕ್ಕಿಂತ ಭಾರದ ಧಾತುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೇ ಆದದ್ದು. ರೀಲ್ ಮಾಡುವವರಿಗೆ ಇವು ಕಾಣುವುದೇ ಇಲ್ಲ, ಸದ್ದು ಮಾಡಲ್ಲ ನೋಡಿ.

"ಜನಕ್ಕೆ ಇಷ್ಟು ಸಾಕು, ಸೂಪರ್‌ನೋವಾ ಇಲ್ಲದೆ ಆಗುತ್ತಾ" ಅಂತ ಒಬ್ಬ ಗೆಳೆಯನ ವಾದ. ಸರಿ, ಕಬ್ಬಿಣದ ಬಹುಪಾಲು ಸ್ಫೋಟದ್ದೇ: ಅಲ್ಲಿ ಹುಟ್ಟಿದ ನಿಕಲ್-56 ಕೋಬಾಲ್ಟ್ ಆಗಿ, ಆಮೇಲೆ ಕಬ್ಬಿಣವಾಗುತ್ತದೆ. ಒಪ್ಪಿದೆ. ಆದರೆ ಆಮ್ಲಜನಕ? ಅದು ದೊಡ್ಡ ನಕ್ಷತ್ರದೊಳಗೆ ಮೊದಲೇ ಬೆಂದಿರುತ್ತದೆ, ಸ್ಫೋಟ ಅದನ್ನು ಹೊರಗೆ ಚೆಲ್ಲುತ್ತದೆ ಅಷ್ಟೇ. ಅಡುಗೆ ಮಾಡಿದವರನ್ನು ಬಿಟ್ಟು ಬಡಿಸಿದವರಿಗೆ ಚಪ್ಪಾಳೆ! ಜನಕ್ಕೆ ಇಷ್ಟು ಸಾಕು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಹೇಳಿಬಿಡುತ್ತೇನೆ.

"ಚಿನ್ನ?" ಅಂತ ಅವನು ಬಿಡಲಿಲ್ಲ. ಚಿನ್ನಕ್ಕೆ ಢಮಾರ್ ಬೇಕು, ನಿಜ. ಆದರೆ 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳಲ್ಲಿ (ದೇಶಕಾಲವೇ ಅಲುಗುವ ಅಲೆಗಳು) ಸಿಕ್ಕಿಬಿದ್ದದ್ದು ಎರಡು ನ್ಯೂಟ್ರಾನ್ ನಕ್ಷತ್ರಗಳ, ಅಂದರೆ ಸತ್ತ ನಕ್ಷತ್ರಗಳ ಕಿಕ್ಕಿರಿದ ತಿರುಳುಗಳ ಡಿಕ್ಕಿ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಕೆಲವೇ ದಿನಗಳಲ್ಲಿ ಅದರ ಬೆಳಕು ನೀಲಿಯಿಂದ ಕೆಂಪಿಗೆ ತಿರುಗಿತು, ಭಾರದ ಧಾತುಗಳು ಹುಟ್ಟಿದ ಗುರುತು ಅದು. ಅಲ್ಲೂ ಸಿಡಿದದ್ದು ಸೂಪರ್‌ನೋವಾ ಅಲ್ಲ ಮಾರಾಯಾ!