ತಕ್ಕಡಿ ರಿಪೇರಿ ಅಂದರೆ ಜನ ನಗುತ್ತಾರೆ

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು "ಈಗ ಎಲ್ಲಿ ಕೆಲಸ ಮಾಡ್ತಿದ್ದೀರಿ?" ಎಂದು ಕೇಳಿದರು. "ತಕ್ಕಡಿ ರಿಪೇರಿ" ಎಂದೆ. ಅವರು ಜೋರಾಗಿ ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು ಪಾಪ. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಂತು, ಮಾತು ಅಲ್ಲಿಗೇ ನಿಂತಿತು.

ಕೈ ತೊಳೆಯುವಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮಗ ಸಿಕ್ಕ. ವಯಸ್ಸು 47. ಐಟಿಯಲ್ಲಿ ಮ್ಯಾನೇಜರ್. "ಭಾವ, ನಿಮ್ಮ ಕೆಲಸ ಹೋದಾಗ ಏನು ಮಾಡಿದ್ರಿ?" ಎಂದು ಮೆಲ್ಲಗೆ ಕೇಳಿದ. ಅಷ್ಟು ಮೆಲ್ಲಗೆ ಕೇಳಿದ್ದರಲ್ಲೇ ನನಗೆ ವಿಷಯ ಗೊತ್ತಾಯಿತು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ತೆಗೆಯುತ್ತೇವೆ ಎಂದಾಗ, ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರು ಎಂದೂ ಹೇಳಿತ್ತು. ಇವನದು ಬೇರೆ ಕಂಪನಿ. ಆದರೆ ವಯಸ್ಸು ಅದೇ, ಹಂತ ಅದೇ.

ಅವತ್ತು ಗೃಹಪ್ರವೇಶದಲ್ಲಿ ಅವನಿಗೆ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನ್ನ ಕೆಲಸ ಹೋಗಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಪೀಣ್ಯದ ಒಂದು ಫ್ಯಾಕ್ಟರಿ, ಕಾರು ಬೈಕುಗಳ ಬಿಡಿಭಾಗ ಮಾಡುವುದು. 24 ವರ್ಷ ಅಲ್ಲೇ ಕ್ವಾಲಿಟಿ ವಿಭಾಗದಲ್ಲಿದ್ದೆ. ಆ ವರ್ಷ ದೇಶದಲ್ಲೆಲ್ಲ ಗಾಡಿ ಮಾರಾಟ ಬಿದ್ದುಹೋಗಿತ್ತು. ಮುಂದಿನ ಏಪ್ರಿಲ್‌ಗೆ ಗಾಡಿಗಳ ಹೊಗೆಗೆ ಬಿಎಸ್-6 ಅನ್ನುವ ಹೊಸ ನಿಯಮ ಬೇರೆ ಬರುವುದಿತ್ತು. ಆರ್ಡರ್ ಇಳಿಯಿತು. ಮೂರು ಶಿಫ್ಟ್ ಎರಡಾಯಿತು, ಎರಡು ಒಂದಾಯಿತು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯಲು ಶುರು ಮಾಡಿದರು.

ನನ್ನನ್ನು ಕರೆದಾಗ ಟೇಬಲ್ ಮೇಲೆ ಕಾಫಿ ಇಟ್ಟಿದ್ದರು. 24 ವರ್ಷದಲ್ಲಿ ಆ ರೂಮಿನಲ್ಲಿ ನನಗೆ ಕಾಫಿ ಕೊಟ್ಟಿದ್ದು ಅದೇ ಮೊದಲು. "ನೀವೇ ರಾಜೀನಾಮೆ ಬರೆದುಕೊಡಿ, ನಿಮಗೇ ಒಳ್ಳೆಯದು" ಎಂದರು. ಬರೆದುಕೊಟ್ಟೆ.

ಆಗ ಇದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಕಾರ್ಮಿಕನನ್ನು ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸ್ ಮತ್ತು ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕಿತ್ತು. ಆದರೆ ತಿಂಗಳಿಗೆ 10 ಸಾವಿರಕ್ಕಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್ ಆ ಕಾಯ್ದೆಯ ಪ್ರಕಾರ ಕಾರ್ಮಿಕನೇ ಅಲ್ಲ. ನನ್ನನ್ನು ಸೂಪರ್‌ವೈಸರ್ ಮಾಡಿದ ದಿನ ಇಡೀ ಲೈನಿಗೆ ಮೈಸೂರು ಪಾಕ್ ಹಂಚಿದ್ದೆ. ಕಾನೂನಿನ ಕೊಡೆಯಿಂದ ಆಚೆ ಬಂದಿದ್ದಕ್ಕೆ ಹಂಚಿದ ಸಿಹಿ ಅದು ಅಂತ ಆಗ ಯಾರಿಗೆ ಗೊತ್ತಿತ್ತು?

ಗ್ರ್ಯಾಚುಟಿ ಮಾತ್ರ ಸೂಪರ್‌ವೈಸರ್‌ಗೂ ಬರುತ್ತದೆ. ಆಗಿನ ಲೆಕ್ಕ ಸುಲಭ. ಕೊನೆಯ ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿ. ನನ್ನ ಬೇಸಿಕ್ 26 ಸಾವಿರ ಇತ್ತು. 3 ಲಕ್ಷ 60 ಸಾವಿರ ಬಂತು. 24 ವರ್ಷಕ್ಕೆ. ಚೆಕ್ ನೋಡಿ ನನ್ನ ಹೆಂಡತಿ "ಇದನ್ನ ಮುಟ್ಟೋದು ಬೇಡ ರೀ" ಎಂದಳು, ಅಷ್ಟೇ.

ಅವಳು ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಮಾವ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ಫ್ಯಾಕ್ಟರಿ ಅದು. ಜನತಾ, ಪೈಲಟ್, ಕಾಂಚನ್ ಅಂತ ಹೆಸರು ಹೇಳಿದರೆ ಈಗಲೂ ಅವರ ಮುಖ ಅರಳುತ್ತದೆ. ಕ್ವಾರ್ಟ್ಜ್ ವಾಚುಗಳು ಬಂದವು, ಎಚ್‌ಎಂಟಿ ಕುಸಿಯಿತು, 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿತು. ಮಾವ ಅದಕ್ಕೂ ಎಷ್ಟೋ ವರ್ಷ ಮೊದಲೇ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತೆಗೆದುಕೊಂಡಿದ್ದರು. ಬಂದ ಹಣದಲ್ಲಿ ಬೇಕರಿ ಹಾಕಿದರು. ಬೇಕರಿ ಬಗ್ಗೆ ಅವರಿಗೆ ಗೊತ್ತಿದ್ದದ್ದು ಖಾರಾ ಬನ್ ರುಚಿ ಮಾತ್ರ. ಎರಡೇ ವರ್ಷ. ಅಂಗಡಿ ಹೋಯಿತು, ಹಣ ಹೋಯಿತು, ಅತ್ತೆಯ ಬಳೆಗಳೂ ಹೋದವು.

ಆ ಎರಡು ವರ್ಷವೂ ಓಣಿಯ ಜನ ಕೆಟ್ಟುಹೋದ ವಾಚ್ ಹಿಡಿದು ಮನೆಗೆ ಬರುತ್ತಲೇ ಇದ್ದರು. ಮಾವ ಐದು ನಿಮಿಷದಲ್ಲಿ ಸರಿ ಮಾಡಿ, ದುಡ್ಡು ತೆಗೆದುಕೊಳ್ಳದೆ ಕಳಿಸುತ್ತಿದ್ದರು. "ಎಚ್‌ಎಂಟಿಯಲ್ಲಿ ಇದ್ದವನು ರಸ್ತೆ ಬದಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರೋದಾ?" ಎನ್ನುತ್ತಿದ್ದರು. ಇವತ್ತು ಹಳೆ ಎಚ್‌ಎಂಟಿ ವಾಚಿಗೆ ಹುಡುಗರು ಹುಚ್ಚರಂತೆ ಹುಡುಕುತ್ತಾರೆ. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಸಿಗುವುದಿಲ್ಲ. ಮಾವನ ಕೈ ಈಗ ನಡುಗುತ್ತದೆ.

ಇದನ್ನು ಕಣ್ಣಾರೆ ಕಂಡವನು ನಾನು. ಆದರೂ ಪಾಠ ಕಲಿತಿರಲಿಲ್ಲ. ಆರಂಭದಲ್ಲಿ ನಾನೂ ಹುಡುಕಿದ್ದು ಹಳೆ ಹುದ್ದೆಯ ಹೆಸರನ್ನೇ. ಕ್ವಾಲಿಟಿ ಸೂಪರ್‌ವೈಸರ್ ಬೇಕಾಗಿದ್ದಾರೆ ಎಂದು ಬೋರ್ಡ್ ಇದ್ದಲ್ಲೆಲ್ಲ ಹೋದೆ. ಒಬ್ಬ ಕನ್ಸಲ್ಟೆಂಟ್ ರೆಸ್ಯೂಮೆಯಲ್ಲಿ ಹುಟ್ಟಿದ ದಿನಾಂಕ ತೆಗೆಯಿರಿ ಎಂದ. ತೆಗೆದೆ. ತಲೆಗೂದಲನ್ನು ಏನು ಮಾಡೋದು? ಒಂದು ಕಡೆ 18 ಸಾವಿರಕ್ಕೆ ಕಾಂಟ್ರಾಕ್ಟ್ ಕೆಲಸ ಎಂದರು, ಮಾರನೇ ದಿನ ಅದೂ ಇಲ್ಲ ಎಂದರು.

ಮನೆಯಲ್ಲಿ ಹೆಂಡತಿಗೆ ಮೊದಲ ದಿನವೇ ಹೇಳಿದ್ದೆ. ಆದರೆ ಬೀದಿಗೆ ಹೇಳಲಿಲ್ಲ. ಮಗಳಿಗೆ ಪಿಯುಸಿ, ಮನೆ ಓನರ್‌ಗೆ ಗೊತ್ತಾದರೆ ಏನೋ ಎಂತೋ. ಅದಕ್ಕೆ ತಿಂಗಳ ಬಿಎಂಟಿಸಿ ಪಾಸ್ ಮುಗಿಯುವವರೆಗೂ ಎಂದಿನ ಟೈಮಿಗೇ ಡಬ್ಬಿ ಹಿಡಿದು ಹೊರಡುತ್ತಿದ್ದೆ. ಬಸ್ ಹತ್ತಿ ಕೊನೆಯ ಸ್ಟಾಪ್‌ವರೆಗೆ ಹೋಗುವುದು, ಇನ್ನೊಂದು ಬಸ್ ಹತ್ತುವುದು. ದುಡ್ಡಿನ ಚಿಂತೆ ರಾತ್ರಿ ಬರುತ್ತಿತ್ತು. ಹಗಲು ಕಾಡುತ್ತಿದ್ದದ್ದೇ ಬೇರೆ. ಗಂಟೆ 10 ಆದರೆ ಕೈಗೆ ಏನೋ ಬೇಕು ಅನಿಸುವುದು. 24 ವರ್ಷ ಆ ಹೊತ್ತಿಗೆ ಮೈಕ್ರೋಮೀಟರ್ ಹಿಡಿದ ಕೈ. ಬಸ್ಸಿನ ಕಂಬಿ ಹಿಡಿದಾಗ ಅದರ ದಪ್ಪ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಿದ್ದೆ. ನಗಬೇಡಿ.

ಪಾಸ್ ಮುಗಿದ ಮೇಲೆ ಒಂದು ಬೆಳಿಗ್ಗೆ ತರಕಾರಿ ತರಲು ಹೋದೆ. ನಾವು ಯಾವಾಗಲೂ ಕೊಳ್ಳುವ ಅಜ್ಜಿಯ ಅಂಗಡಿಯಲ್ಲಿ ಜಗಳ. ಗಿರಾಕಿ "ತೂಕ ಮೋಸ" ಎನ್ನುತ್ತಾನೆ, ಅಜ್ಜಿ "ನಮ್ಮಪ್ಪನಾಣೆ ಮಿಷಿನ್ ತೋರಿಸಿದ್ದೇ ಹೇಳಿದ್ದು" ಎನ್ನುತ್ತಾಳೆ. ನಾನು ಸುಮ್ನೆ ಒಂದು ಗುಂಡನೆ ಬದನೆಕಾಯಿ ತೆಗೆದು ತಟ್ಟೆಯ ನಾಲ್ಕು ಮೂಲೆಗೂ ಒಂದೊಂದು ಸಲ ಇಟ್ಟು ನೋಡಿದೆ. ಒಂದು ಮೂಲೆಯಿಂದ ಇನ್ನೊಂದಕ್ಕೆ 40 ಗ್ರಾಂ ವ್ಯತ್ಯಾಸ! "ಅಜ್ಜಿದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ತಕ್ಕಡಿಗೆ ಪೆಟ್ಟು ಬಿದ್ದಿದೆ" ಎಂದೆ. "ಹಂಗಾರೆ ನೀನೇ ರಿಪೇರಿ ಮಾಡಿಸಿಕೊಡಪ್ಪ" ಎಂದು ಅಜ್ಜಿ ತಕ್ಕಡಿಯನ್ನೇ ನನ್ನ ಕೈಗೆ ಕೊಟ್ಟಳು.

ಅಜ್ಜಿ ಹೇಳಿದ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. "ಕಾರ್ನರ್ ಎರರ್ ಇದೆ" ಎಂದೆ. ಮಾಲೀಕರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ಸಾಮಾನ್ಯವಾಗಿ ಜನ "ಆಫ್ ಆಗ್ಬಿಟ್ಟಿದೆ", "ಹುಚ್ಚುಹುಚ್ಚಾಗಿ ತೋರಿಸ್ತಿದೆ" ಎಂದು ಬರುತ್ತಾರಂತೆ. "ಎಲ್ಲಿ ಕೆಲಸ ನಿಮಗೆ?" ಎಂದು ಕೇಳಿದರು. ಮೂರು ತಿಂಗಳಲ್ಲಿ ಮೊದಲ ಬಾರಿಗೆ "ಎಲ್ಲೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿದೆ. ಹೇಳಿದ ಮೇಲೆ ಎದೆ ಹಗುರಾಯಿತು ಅಂತೆಲ್ಲ ಬರೆಯಬಹುದು, ಆದರೆ ನಿಜ ಹೇಳಬೇಕೆಂದರೆ ಅಳು ಬಂತು. ಅವರು ಟೀ ತರಿಸಿದರು.

2020ರ ಜನವರಿಯಲ್ಲಿ ಅಲ್ಲಿ ಸೇರಿದೆ. 14 ಸಾವಿರ ಸಂಬಳ.

ಅಂಗಡಿಯ ತಕ್ಕಡಿಯೊಳಗೆ ಏನಿರುತ್ತದೆ ಅಂತ ನೋಡಿದ್ದೀರಾ? ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿ, ಲೋಡ್ ಸೆಲ್ ಅಂತಾರೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲೆ ಅಂಟಿಸಿರುವ ಸಣ್ಣ ತಂತಿಯ ಜಾಲವೂ ಅದರ ಜೊತೆ ಎಳೆದುಕೊಂಡು, ವಿದ್ಯುತ್ತಿಗೆ ಒಡ್ಡುವ ತಡೆ ಚೂರು ಬದಲಾಗುತ್ತದೆ. ಆ ಬದಲಾವಣೆಯನ್ನೇ ಅದು ಗ್ರಾಂ ಮಾಡಿ ತೋರಿಸುತ್ತದೆ. 30 ಕಿಲೋ ತಕ್ಕಡಿ ಮೇಲೆ ಯಾರೋ ಪುಣ್ಯಾತ್ಮ 50 ಕಿಲೋ ಅಕ್ಕಿ ಮೂಟೆ ಎಸೆದರೆ ಪಟ್ಟಿ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಮೀನಿನ ಅಂಗಡಿಯದಾದರೆ ಉಪ್ಪುನೀರು ಬೋರ್ಡ್ ತಿನ್ನುತ್ತದೆ. ಬೇಕರಿಯದಾದರೆ ಬಿಚ್ಚುವ ಮೊದಲು ಸ್ವಲ್ಪ ದೂರ ನಿಲ್ಲಿ, ಜಿರಳೆ ಸಂಸಾರವೇ ಇರುತ್ತದೆ.

ನನಗೆ ಇದೆಲ್ಲ ಕಲಿಸಿದ್ದು 24 ವರ್ಷದ ಹುಡುಗ. ನನ್ನ ಸರ್ವಿಸ್ ಎಷ್ಟೋ ಅವನ ವಯಸ್ಸು ಅಷ್ಟು. "ಅಂಕಲ್, ಆ ವೈರ್ ಎಳೀಬೇಡಿ ಅಂದ್ನಲ್ಲ" ಎಂದು ಗಿರಾಕಿಗಳ ಮುಂದೆಯೇ ಗದರುತ್ತಿದ್ದ. ಸೋಲ್ಡರಿಂಗ್ ಮಾಡುವಾಗ ನನಗೆ ಕಣ್ಣು ಸಾಲುತ್ತಿರಲಿಲ್ಲ, ಬೆರಳು ಸುಟ್ಟುಕೊಳ್ಳುತ್ತಿದ್ದೆ. ಐವತ್ತು ದಾಟಿದ ಮೇಲೆ ಹೊಸದು ಕಲಿಯೋಕೆ ಆಗಲ್ಲ ಅನ್ನುವುದು ಸುಳ್ಳು. ತಲೆಗೆ ಹತ್ತುತ್ತದೆ. ಗಂಟಲಲ್ಲಿ ಇಳಿಯದೇ ಇರುವುದು ಆ ಗದರಿಕೆ. ಒಂದು ತಿಂಗಳು ದಿನಾ ಸಂಜೆ ನಾಳೆಯಿಂದ ಬರಲ್ಲ ಅಂದುಕೊಂಡೇ ಮನೆಗೆ ಹೋಗುತ್ತಿದ್ದೆ.

ಅಂಗಡಿಯಲ್ಲಿ ನನ್ನ ಜಾಗ ಸಿಕ್ಕಿದ್ದು ಕಾಗದದ ಕೆಲಸದಲ್ಲಿ. ಅಂಗಡಿಯವರು ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ರಿಪೇರಿಗೆ ಸೀಲ್ ಒಡೆದರೆ ಮತ್ತೆ ಮುದ್ರೆ. ಯಾವ ಅಂಗಡಿಯದು ಯಾವಾಗ ಮುಗಿಯುತ್ತದೆ ಎಂದು ಮಾಲೀಕರು ಹಳೆ ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದರು. ಅರ್ಧ ಮರೆತೇ ಹೋಗುತ್ತಿತ್ತು. ಫ್ಯಾಕ್ಟರಿಯಲ್ಲಿ ನೂರಾರು ವರ್ನಿಯರ್, ಗೇಜ್‌ಗಳ ಕ್ಯಾಲಿಬ್ರೇಶನ್ ತಾರೀಖು ನೋಡಿಕೊಳ್ಳುತ್ತಿದ್ದವನು ನಾನು. ಆಡಿಟ್ ಬಂದರೆ ಒಂದು ಸ್ಟಿಕ್ಕರ್ ತಪ್ಪಿರಬಾರದು. ಒಂದು ಭಾನುವಾರ ಕೂತು ಎಲ್ಲವನ್ನೂ ರಿಜಿಸ್ಟರ್ ಮಾಡಿದೆ. ಸೋಮವಾರ ಅದನ್ನು ನೋಡಿದ ಹುಡುಗ ಏನೂ ಅನ್ನಲಿಲ್ಲ. ಮಧ್ಯಾಹ್ನ ಅವನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದ.

ಮಾರ್ಚ್‌ನಲ್ಲಿ ಲಾಕ್‌ಡೌನ್. ಮತ್ತೆ ಸೊನ್ನೆ. ಆಗ ಮನೆ ನಡೆದದ್ದು ನನ್ನ ಹೆಂಡತಿ ಸೀರೆಗೆ ಹಾಕುತ್ತಿದ್ದ ಕುಚ್ಚು ಮತ್ತು ಫಾಲ್ಸ್‌ನಿಂದ. ಅದೂ ಕೆಲವು ವಾರ ನಿಂತಿತ್ತು. ಸಾಲ ಮಾಡಿದೆವು. ಇದನ್ನು ಹೇಳದೆ ಮುಂದಿನದನ್ನು ಮಾತ್ರ ಹೇಳಿದರೆ ಮೋಸವಾಗುತ್ತದೆ.

ಲಾಕ್‌ಡೌನ್ ಸಡಿಲ ಆದಾಗ ಅಂಗಡಿಗೆ ಬಂದ ಗಿರಾಕಿಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಶಾಲೆ ವ್ಯಾನ್ ಓಡಿಸುತ್ತಿದ್ದವರು ಸೀಟು ಬಿಚ್ಚಿ ಟೊಮ್ಯಾಟೊ ತುಂಬಿಕೊಂಡಿದ್ದರು. ಖಾಸಗಿ ಶಾಲೆಯ ಮೇಷ್ಟ್ರೊಬ್ಬರು, ಕೇಟರಿಂಗ್‌ನವರು, ಟ್ರಾವೆಲ್ಸ್‌ನವರು. ಎಲ್ಲರೂ ತರಕಾರಿ ಮಾರಲು ಹೊರಟವರು, ಎಲ್ಲರಿಗೂ ಒಂದು ತಕ್ಕಡಿ ಬೇಕು. ಹೊಸದು ಕೊಳ್ಳಲು ದುಡ್ಡಿಲ್ಲ, ಹಳೆಯದು ಇದ್ದರೆ ಕೊಡಿ ಎನ್ನುವರು. ಆ ಮೇಷ್ಟ್ರು ತಕ್ಕಡಿ ಆನ್ ಮಾಡುವುದು ಹೇಗೆ ಎಂದು ಮೂರು ಸಲ ಕೇಳಿದರು. ತಲೆ ತಗ್ಗಿಸಿಯೇ ಕೇಳಿದರು. ನಾನು "ಸರ್, ನಾನೂ ಹೋದ ವರ್ಷ ಫ್ಯಾಕ್ಟರಿಯಲ್ಲಿದ್ದೆ" ಎಂದೆ. ಆಮೇಲೆ ನಾಲ್ಕನೇ ಸಲ ಆರಾಮಾಗಿ ಕೇಳಿದರು. ಅಷ್ಟೂ ತಕ್ಕಡಿಗಳ ಲೋಡ್ ಸೆಲ್‌ಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಸುತ್ತಿದ ಹುಡುಗನಿಗೆ ಆ ವರ್ಷ ಎರಡು ಜೊತೆ ಚಪ್ಪಲಿ ಸವೆದವು.

ಕೆಲಸ ಹೋದ ಹೊಸದರಲ್ಲಿ ನನಗೆ ವಾಟ್ಸಾಪ್‌ನಲ್ಲಿ ಏಳು ಜನ ಕೆಎಫ್‌ಸಿ ಚಿಕನ್ ಹೋಟೆಲ್ ಶುರು ಮಾಡಿದ ತಾತ ಸ್ಯಾಂಡರ್ಸ್ ಕಥೆ ಕಳಿಸಿದ್ದರು. 65ನೇ ವಯಸ್ಸಿನಲ್ಲಿ ಎಲ್ಲ ಕಳೆದುಕೊಂಡು ಹೊಸ ಜೀವನ ಶುರು ಮಾಡಿದ, ನಿಮಗೇನು ಅಂತ. ಆಮೇಲೆ ಒಂದು ದಿನ ಕೂತು ಆ ಕಥೆ ಓದಿದೆ. ಆ ಸ್ಯಾಂಡರ್ಸ್ 1930ರಲ್ಲಿ, ತನ್ನ 40ನೇ ವಯಸ್ಸಿನಲ್ಲೇ, ಕೆಂಟಕಿಯ ಒಂದು ಪೆಟ್ರೋಲ್ ಬಂಕ್‌ನಲ್ಲಿ ಅಡುಗೆ ಮಾಡಿ ಬಡಿಸಲು ಶುರು ಮಾಡಿದ್ದ. ಕಾಲು ಶತಮಾನ ಅದನ್ನೇ ಮಾಡಿದ. ಹೊಸ ಹೈವೇ ಬೇರೆ ದಾರಿ ಹಿಡಿದಾಗ 1956ರಲ್ಲಿ ಹೋಟೆಲ್ ಮಾರಿದ, ಅದೇ ಚಿಕನ್ನನ್ನು ಬೇರೆಯವರ ಹೋಟೆಲ್‌ಗಳಲ್ಲಿ ಮಾಡಿಸಲು ಊರೂರು ತಿರುಗಿದ. ಎಲ್ಲಿ ಸ್ವಾಮಿ ಹೊಸ ಜೀವನ? ಗಲ್ಲಾಪೆಟ್ಟಿಗೆ ಬದಲಾಯಿತು, ಬಾಣಲೆ ಅದೇ.

ಹೊಸ ಮನುಷ್ಯ ಆಗಿ, ಕೋರ್ಸ್ ಮಾಡಿ, ನಿಮ್ಮ ಕನಸು ಹುಡುಕಿ ಅನ್ನುವವರ ಮೇಲೆ ನನಗಿರುವ ತಕರಾರು ಇದೇ. ಐವತ್ತರ ಮನುಷ್ಯನಿಗೆ ನೀನು ಖಾಲಿ, ತುಂಬಿಸಿಕೋ ಅಂತಾರೆ. ಅವನು ಖಾಲಿ ಇರಲ್ಲ. ತನ್ನೊಳಗೆ ಏನಿದೆ ಅಂತ ಅವನಿಗೇ ಗೊತ್ತಿರಲ್ಲ, ಅಷ್ಟೇ. ಹುದ್ದೆಯ ಹೆಸರು ಅದರ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಮಾವನಿಗೂ ಆಗಿದ್ದು ಅದೇ.

ಹಾಗಂತ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಫ್ಯಾಕ್ಟರಿಯಲ್ಲಿ ಕೈಗೆ 41 ಸಾವಿರ ಬರುತ್ತಿತ್ತು. ಇವತ್ತಿಗೂ, ಇಷ್ಟು ವರ್ಷ ಆದ ಮೇಲೂ, ಒಳ್ಳೆಯ ತಿಂಗಳಲ್ಲಿ 30 ಸಾವಿರ. ರಿಪೇರಿ ಲೈಸೆನ್ಸ್ ಮಾಲೀಕರ ಹೆಸರಿನಲ್ಲಿದೆ, ನಾನು ಅವರ ಕೆಳಗೇ ಇದ್ದೇನೆ. ಪಿಎಫ್ ಜೊತೆಗಿನ ಇಪಿಎಸ್ ಪೆನ್ಷನ್ 50 ದಾಟಿದರೆ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೂ ಶೇ. 4ರಂತೆ ಕಡಿತ, ಅದೂ ಜೀವನಪೂರ್ತಿ. ಬರುವುದೇ ಅಷ್ಟಿಷ್ಟು, ಅದರಲ್ಲಿ ಮತ್ತೆ ಕಡಿತ ಯಾಕೆ ಎಂದು ಬಿಟ್ಟಿದ್ದೆ. ಇನ್ನು ಕೆಲವೇ ತಿಂಗಳಿಗೆ ನನಗೆ 58. ಗ್ರ್ಯಾಚುಟಿ ಹಣ ಬ್ಯಾಂಕಿನಲ್ಲಿ ಕೂತಿತ್ತು, ಮಗಳ ಎಂಜಿನಿಯರಿಂಗ್ ಫೀಸಿಗೆ ಹೋಯಿತು. ಅಷ್ಟರಮಟ್ಟಿಗೆ ಬೇಕರಿ ತಪ್ಪಿಸಿಕೊಂಡೆವು.

ಮೊನ್ನೆ ಭಾನುವಾರ ಆ ಹುಡುಗನನ್ನು, ಅದೇ 47ರ ಹುಡುಗನನ್ನು, ಊಟಕ್ಕೆ ಕರೆದಿದ್ದೆ. ಲ್ಯಾಪ್‌ಟಾಪ್ ತಂದಿದ್ದ, ರೆಸ್ಯೂಮೆ ತೋರಿಸಲು. ಮುಚ್ಚಿಡು ಎಂದೆ. "ಆಫೀಸಿನಲ್ಲಿ ನಿನ್ನ ಕೆಲಸ ಅಲ್ಲದಿದ್ದರೂ ಜನ ಯಾವುದಕ್ಕೆ ನಿನ್ನ ಹತ್ತಿರ ಬರ್ತಿದ್ದರು? ಅದನ್ನ ಹೇಳು" ಎಂದೆ. ಮುದ್ದೆ ಮುರಿಯುತ್ತಾ ತುಂಬಾ ಹೊತ್ತು ಯೋಚಿಸಿದ. ಸರ್ಟಿಫಿಕೇಟ್‌ಗಳ ಹೆಸರು ಹೇಳಲು ಹೋದ, ಅರ್ಧಕ್ಕೆ ನಿಲ್ಲಿಸಿದ.

"ಭಾವ, ಫಾರಿನ್ ಕ್ಲೈಂಟ್ ಸಿಟ್ಟಾಗಿ ಕೂಗಾಡಿದರೆ ಎಲ್ಲ ಟೀಮಿನವರೂ ಫೋನ್ ತಂದು ನನಗೆ ಕೊಡ್ತಿದ್ದರು. ಹತ್ತು ನಿಮಿಷದಲ್ಲಿ ತಣ್ಣಗೆ ಮಾಡ್ತಿದ್ದೆ."

"ಇದನ್ನ ಎಲ್ಲಾದರೂ ಬರೆದಿದ್ದೀಯಾ?"

"ಇದನ್ನೆಲ್ಲ ಯಾರು ಬರೀತಾರೆ ಭಾವ?" ಎಂದ. ನನ್ನ ಹೆಂಡತಿ ಇನ್ನೊಂದು ಸೌಟು ಬಸ್ಸಾರು ಹಾಕಿದಳು. ಮುಂದಿನ ಭಾನುವಾರವೂ ಬರುತ್ತೇನೆ ಎಂದಿದ್ದಾನೆ.