ದಯಾ, ಆ ಬಾಗಿಲಿಗೆ ಅಗುಳಿಯೇ ಇಲ್ಲ!

ಬಾಗಿಲು ಒಡೆಯುವುದಕ್ಕೂ ಒಂದು ಲೆಕ್ಕವಿದೆ. ಒಳಕ್ಕೆ ತೆರೆಯುವ ಬಾಗಿಲನ್ನು ಮಾತ್ರ ಒದೆಯಬಹುದು. ಹೊರಕ್ಕೆ ತೆರೆಯುವುದನ್ನು ಒದ್ದರೆ ಚೌಕಟ್ಟು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮುರಿಯುವುದು ಒದ್ದವನ ಕಾಲು. ಏಟು ಬೀಳಬೇಕಾದ್ದು ಬೀಗದ ಪಕ್ಕಕ್ಕೆ, ಬಿಜಾಗರಿಯ ಕಡೆಗಲ್ಲ. ಸಾಗುವಾನಿ ಕದಕ್ಕೆ ಮೇಲೊಂದು ಕೆಳಗೊಂದು ಅಗುಳಿ ಬಿದ್ದಿದ್ದರಂತೂ ಹತ್ತು ಒದೆಗೂ ಜಗ್ಗುವುದಿಲ್ಲ. ಸೋನಿ ಟಿವಿಯ ಹಿಂದಿ ಪತ್ತೇದಾರಿ ಧಾರಾವಾಹಿ ‘ಸಿಐಡಿ’ಯಲ್ಲಿ ಈ ಲೆಕ್ಕಗಳಿಗೆ ಬೆಲೆಯಿಲ್ಲ. ನಮ್ಮ ಉಡುಪಿ ಕಡೆಯ ದಯಾನಂದ ಶೆಟ್ಟಿ ‘ದಯಾ’ ಆಗಿ ಬಂದು ನಿಂತರೆ ಸಾಕು, ಮುಂಬೈಯ ಬಾಗಿಲುಗಳು ಎರಡನೇ ಏಟಿಗೇ ಸಾಷ್ಟಾಂಗ ಬೀಳುತ್ತವೆ. ಒಳಗೆ ಯಾರೂ ಇರುವುದಿಲ್ಲ. ಹಿಂದಿನ ಕಿಟಕಿ ತೆರೆದಿರುತ್ತದೆ.

ಕಾನೂನಿನ ಪ್ರಕಾರ ಆರೋಪಿಯನ್ನು ಹಿಡಿಯಲು ಬಂದ ಪೊಲೀಸರು ಮೊದಲು ತಾವು ಯಾರು, ಬಂದಿದ್ದೇಕೆ ಎಂದು ಹೇಳಬೇಕು, ಒಳಗೆ ಬಿಡಿ ಎಂದು ಕೇಳಬೇಕು. ಬಿಡದಿದ್ದರೆ ಮಾತ್ರ ಒಡೆಯಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 47ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು 44 ಆಯಿತು. ಅದೇ ಡಿಸೆಂಬರ್ 21ಕ್ಕೆ, ಆರು ವರ್ಷ ವಿಶ್ರಾಂತಿಯಲ್ಲಿದ್ದ ಧಾರಾವಾಹಿಯೂ ಮರಳಿ ಬಂತು. ಸೆಕ್ಷನ್ ಬದಲಾಗಿತ್ತು, ಬಾಗಿಲು ಮಾತ್ರ ಅದೇ ಪ್ಲೈವುಡ್ಡು.

ದಯಾ ಅವರ ಬಾಸ್, ಸಹಾಯಕ ಪೊಲೀಸ್ ಆಯುಕ್ತ ಅಂದರೆ ಎಸಿಪಿ ಪ್ರದ್ಯುಮನ್ ಅವರ ಸೇವಾ ಪುಸ್ತಕವನ್ನು ಒಮ್ಮೆ ಲೆಕ್ಕಪರಿಶೋಧಕರ ಕೈಗೆ ಕೊಡಬೇಕು. ಧಾರಾವಾಹಿ ಶುರುವಾದದ್ದು 1998ರ ಜನವರಿ 21ರಂದು. ಆಗಲೂ ಎಸಿಪಿ. 1547 ಕಂತು ಮುಗಿಸಿ 2018ರ ಅಕ್ಟೋಬರ್ 27ರಂದು ಪರದೆ ಇಳಿದಾಗಲೂ ಎಸಿಪಿ. ಮಹಾರಾಷ್ಟ್ರದ ಸರ್ಕಾರಿ ನೌಕರಿಯಲ್ಲಿ ನಿವೃತ್ತಿಗೆ 58 ವರ್ಷ. ಪಾತ್ರಧಾರಿ ಶಿವಾಜಿ ಸಾಟಮ್ ಹುಟ್ಟಿದ್ದು 1950ರಲ್ಲಿ. ಪಾತ್ರಕ್ಕೂ ಅದೇ ವಯಸ್ಸು ಹಿಡಿದರೆ 2008ರಲ್ಲೇ ಹಾರ, ಶಾಲು, ಹಣ್ಣಿನ ಬುಟ್ಟಿ ಆಗಿರಬೇಕಿತ್ತು. ಸಾವಿರಾರು ಕೊಲೆ ಬಿಡಿಸಿದವರಿಗೆ ಒಂದು ಬಡ್ತಿ ಇಲ್ಲ, ಒಂದು ವರ್ಗಾವಣೆ ಇಲ್ಲ. ಈ ಎರಡನೆಯದನ್ನು ನಂಬಲು ನಮ್ಮ ಇಲಾಖೆಗಳನ್ನು ಬಲ್ಲ ಯಾರಿಗೂ ಸಾಧ್ಯವಿಲ್ಲ.

ಈಗ ಲ್ಯಾಬಿಗೆ ಬರೋಣ. ಧಾರಾವಾಹಿಯ ಕಳೆ ಸೋರಿಹೋದದ್ದು ಇಲ್ಲಿಂದಲೇ.

ವಿಷಪ್ರಾಶನದ ಅನುಮಾನವಿದ್ದರೆ ಶವಪರೀಕ್ಷೆ ಮಾಡಿದ ಆಸ್ಪತ್ರೆಯ ವೈದ್ಯರು ಒಳಗಿನ ವಸ್ತು ಸಮೇತ ಜಠರ, ಸಣ್ಣ ಕರುಳಿನ ಮೇಲ್ಭಾಗ ಸುಮಾರು 30 ಸೆಂ.ಮೀ., ಅರ್ಧ ಕಿಲೋ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ ತೆಗೆದು ಅಗಲ ಬಾಯಿಯ ಜಾಡಿಗಳಿಗೆ ಹಾಕುತ್ತಾರೆ. ಮೇಲೆ ಉಪ್ಪುನೀರು, ಅದೂ ಇನ್ನು ಕರಗಲಾರೆ ಎಂದು ಉಪ್ಪು ತಳದಲ್ಲಿ ಉಳಿಯುವಷ್ಟು ಗಟ್ಟಿಯದು. ಫಾರ್ಮಲಿನ್ ಹಾಕಿದರೆ ಅಂಗಾಂಶ ಗಡುಸಾಗಿ ವಿಷ ಹೊರತೆಗೆಯುವುದೇ ಕಷ್ಟವಾಗುತ್ತದೆ. ಜಾಡಿಯನ್ನು ಮೂರನೇ ಎರಡು ಭಾಗವಷ್ಟೇ ತುಂಬಬೇಕು, ಇಲ್ಲವಾದರೆ ಕೊಳೆಯುವಾಗ ಹುಟ್ಟುವ ಅನಿಲಕ್ಕೆ ಮುಚ್ಚಳ ಹಾರೀತು. 10 ಮಿ.ಲೀ. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೇರೆ. ಆಮೇಲೆ ಅರಗು, ಮೊಹರು, ಮೊಹರಿನ ಮಾದರಿ, ಬಳಸಿದ ಉಪ್ಪುನೀರಿನದೇ ಒಂದು ಪ್ರತ್ಯೇಕ ಮಾದರಿ, ಪತ್ರ, ಅದನ್ನೆಲ್ಲ ಹೊತ್ತು ಹೋಗಲು ಒಬ್ಬ ಕಾನ್‌ಸ್ಟೆಬಲ್. ಜಾಡಿ ವಿಧಿವಿಜ್ಞಾನ ಪ್ರಯೋಗಾಲಯ ಮುಟ್ಟಿದ ಮೇಲೆ ಸರದಿ. ವರದಿ ಬರುವಷ್ಟರಲ್ಲಿ ತನಿಖಾಧಿಕಾರಿಯೇ ಬೇರೆ ಠಾಣೆಯಲ್ಲಿದ್ದರೂ ಆಶ್ಚರ್ಯವಿಲ್ಲ.

ಧಾರಾವಾಹಿಯ ಲ್ಯಾಬ್ ನಡೆಸುವ ಡಾ. ಸಾಳುಂಖೆ ಅವರ ಕ್ರಮ ಸರಳ. ನೀಲಿ ದ್ರವಕ್ಕೆ ಗುಲಾಬಿ ದ್ರವ ಸುರಿಯುವುದು, ಹೊಗೆ ಬರಿಸುವುದು, ಕೊಲೆಗಾರ ಯಾರೆಂದು ಹೇಳುವುದು. ಶವಪರೀಕ್ಷೆ, ವಿಷ, ಗುಂಡು, ಬೆರಳಚ್ಚು, ಕೈಬರಹ, ಎಲ್ಲಕ್ಕೂ ಒಬ್ಬರೇ. ನಿಜವಾದ ಪ್ರಯೋಗಾಲಯದಲ್ಲಿ ಇವೆಲ್ಲ ಬೇರೆ ಬೇರೆ ವಿಭಾಗಗಳು, ಶವಪರೀಕ್ಷೆಯಂತೂ ಅಲ್ಲಿ ನಡೆಯುವುದೇ ಇಲ್ಲ. ಡಿಎನ್‌ಎ ಮಾದರಿಯನ್ನು ಬೇರ್ಪಡಿಸಿ, ಪ್ರಮಾಣ ಅಳೆದು, ಪಿಸಿಆರ್‌ನಲ್ಲಿ ಹೆಚ್ಚಿಸಿ, ಯಂತ್ರದಲ್ಲಿ ಓಡಿಸುವುದಕ್ಕೆ ಸರದಿಯೇ ಇಲ್ಲದಿದ್ದರೂ ಒಂದೆರಡು ದಿನ ಹಿಡಿಯುತ್ತದೆ. ಅಷ್ಟಾದ ಮೇಲೂ ತಾಳೆ ಹಾಕಲು ಶಂಕಿತನ ರಕ್ತವೋ ಎಂಜಲೋ ಬೇಕು. ದೇಶದ ಜನರದ್ದೆಲ್ಲ ಡಿಎನ್‌ಎ ಭಂಡಾರವೇನೂ ನಮ್ಮಲ್ಲಿಲ್ಲ. ಅಪರಾಧಿಗಳು, ಶಂಕಿತರು, ಕಾಣೆಯಾದವರ ಡಿಎನ್‌ಎ ಕೂಡಿಡಲು ತಂದ ಮಸೂದೆಯನ್ನೇ ಸರ್ಕಾರ 2023ರಲ್ಲಿ ಹಿಂದಕ್ಕೆ ಪಡೆಯಿತು. ಸಾಳುಂಖೆ ಕಂಪ್ಯೂಟರಿಗೆ ಮಾತ್ರ ಇದು ತಿಳಿದಿಲ್ಲ. ಬೀಪ್ ಎಂದು ಸದ್ದು ಮಾಡಿ ಫೋಟೊ ಸಮೇತ ವಿಳಾಸ ಕೊಡುತ್ತದೆ.

ಟೆಸ್ಟ್ ಟ್ಯೂಬೇ ಕೊಲೆಗಾರನ ಹೆಸರು ಹೇಳಿಬಿಟ್ಟರೆ ಪೊಲೀಸರಿಗೆ ಉಳಿಯುವ ಕೆಲಸವೇನು? ಬಾಗಿಲು ಒಡೆಯುವುದು. ಅದಕ್ಕೇ ಇಷ್ಟೊಂದು ಬಾಗಿಲು ಬಿದ್ದವು. ಶುರುವಿನ ವರ್ಷಗಳಲ್ಲಿ ಒಂದೇ ಪ್ರಕರಣ ವಾರಗಟ್ಟಲೆ ನಡೆಯುತ್ತಿತ್ತು. ತಂಡ ತಪ್ಪು ಮನುಷ್ಯನ ಹಿಂದೆ ಬೀಳುತ್ತಿತ್ತು, ನೋಡುವವರೂ ಜೊತೆಗೆ ಬೀಳುತ್ತಿದ್ದರು. 2004ರಲ್ಲಿ ಕತ್ತರಿಯೇ ತಾಗದಂತೆ 111 ನಿಮಿಷದ ಕಂತೊಂದನ್ನು ಒಂದೇ ಶಾಟ್‌ನಲ್ಲಿ ತೆಗೆದು ದಾಖಲೆ ಮಾಡಿದವರೂ ಇವರೇ. ಆ ಕಸುಬು ಗೊತ್ತಿದ್ದವರ ಕೈಯಲ್ಲಿ ಆಮೇಲೆ ಆದದ್ದೇನು? ಒಂದು ಗಂಟೆಯಲ್ಲಿ ಜಾಹೀರಾತಿಗೆಂದು ನಿಯಮವೇ ಬಿಟ್ಟುಕೊಟ್ಟ 12 ನಿಮಿಷ ಕಳೆದರೆ ಉಳಿಯುವುದು 48. ಅದರಲ್ಲಿ ಒಂದು ಆಘಾತದ ಮಾತಿಗೆ ಮೂರು ಮುಖ, ಮುಖಕ್ಕೆ ಮೂರು ಜೂಮ್, ಜೂಮಿಗೆ ಎರಡು ಸೆಕೆಂಡ್: 18 ಸೆಕೆಂಡ್. ಅಂಥ ಇಪ್ಪತ್ತು ಮಾತಾದರೆ ಆರು ನಿಮಿಷ ಕಥೆ ನಿಂತಲ್ಲೇ ನಿಂತಿರುತ್ತದೆ.

ಉಳಿದದ್ದನ್ನು ಕಪಾಳಮೋಕ್ಷ ಮುಗಿಸುತ್ತದೆ. ಫಟಾರ್, ‘ಹೌದು, ನಾನೇ ಕೊಂದೆ.’ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯದು ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಆಗಲೇ ಹೇಳಿಟ್ಟಿತ್ತು, 2024ರ ಜುಲೈಯಿಂದ ಅದನ್ನೇ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುತ್ತಿದೆ. ಚಾಕು ಎಲ್ಲಿ ಬಚ್ಚಿಟ್ಟೆ ಎಂದು ಅವನು ಹೇಳಿ, ಹೇಳಿದ ಜಾಗದಲ್ಲಿ ಅದು ಸಿಕ್ಕಿದರೆ ಆ ಮಾತಿನ ಅಷ್ಟು ಭಾಗ ಹಿಂದೆ 27ನೇ ಸೆಕ್ಷನ್ನಿನಡಿ ನಿಲ್ಲುತ್ತಿತ್ತು, ಈಗ ಅದೇ 23ರಡಿ ನಿಲ್ಲುತ್ತದೆ. ಚಾಕು ತರಲು ಇಲ್ಲಿ ಯಾರೂ ಹೋಗುವುದಿಲ್ಲ, ಪಂಚರನ್ನು ಕರೆಯುವುದಿಲ್ಲ. ಎಸಿಪಿ ಸಾಹೇಬರು ಸ್ಥಳದಲ್ಲೇ ‘ನಿನಗೆ ಗಲ್ಲೇ ಗತಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸೆಷನ್ಸ್ ನ್ಯಾಯಾಧೀಶರು, ಗಲ್ಲನ್ನು ಖಾಯಂ ಮಾಡಬೇಕಾದ ಹೈಕೋರ್ಟ್, ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಎಂದು 1980ರಲ್ಲಿ ಗೆರೆ ಎಳೆದ ಸುಪ್ರೀಂ ಕೋರ್ಟ್, ಎಲ್ಲರಿಗೂ ರಜೆ. ಈ ಮೊಕದ್ದಮೆಗಳೆಲ್ಲ ಕೋರ್ಟಿಗೆ ಹೋಗಿದ್ದರೆ ಮುಂಬೈಯ ಅಷ್ಟೂ ಕೊಲೆಗಾರರು ಸಂಜೆಯೊಳಗೆ ಮನೆ ಸೇರುತ್ತಿದ್ದರು.

ಕಳೆ ಇಳಿದದ್ದು ಮಾಡಿದವರಿಗೂ ಕಾಣದೆ ಇರಲಿಲ್ಲ. ಮದ್ದು ಹುಡುಕಿದರು. ದೆವ್ವ ಬಂತು, ಹೊಸ ಸಿನಿಮಾದ ಪ್ರಚಾರಕ್ಕೆ ನಾಯಕ ನಟರು ಬಂದರು, 2012ರಲ್ಲಿ ಪಕ್ಕದ ಧಾರಾವಾಹಿಯ ವಕೀಲರೇ ಬಂದು ಜಗಳವಾಡಿದರು. ಒಂದೂ ಹಿಡಿಯದಿದ್ದಾಗ ಉಳಿದದ್ದು ಕೊನೆಯ ಅಸ್ತ್ರ. 2025ರ ಏಪ್ರಿಲ್‌ನಲ್ಲಿ ಬಾಂಬ್ ಸಿಡಿಸಿ ಎಸಿಪಿಯನ್ನೇ ಮುಗಿಸಿದರು. ‘1998–2025’ ಎಂದು ಚಾನೆಲ್ಲೇ ಶ್ರದ್ಧಾಂಜಲಿ ಹಾಕಿತು, ಜನ ಕಣ್ಣೀರಿಟ್ಟರು, ಹೊಸ ಎಸಿಪಿ ಅಧಿಕಾರ ವಹಿಸಿಕೊಂಡರು. ಹೆಚ್ಚು ಕಾಲ ಕಳೆಯಲಿಲ್ಲ, ಹಳಬರು ಗಾಳಿಯಲ್ಲಿ ಬೆರಳು ತಿರುಗಿಸುತ್ತ ವಾಪಸ್. ಒಂದು ಕೂದಲೆಳೆಯಿಂದ ಕೊಲೆಗಾರನ ಜಾತಕ ಬರೆಯುತ್ತಿದ್ದ ಲ್ಯಾಬಿಗೆ, ಇಷ್ಟು ವರ್ಷ ಎದುರಿಗೇ ನಿಲ್ಲುತ್ತಿದ್ದ ಬಾಸ್ ಸತ್ತಿದ್ದಾರೋ ಇಲ್ಲವೋ ಎಂಬುದು ಮಾತ್ರ ತಿಳಿಯಲಿಲ್ಲ. ಜಾಡಿಗೆ ಉಪ್ಪು ಕಡಿಮೆ ಬಿದ್ದಿತ್ತೇನೋ.